ನಾಲ್ಕರ ಮನೆಯೊಳಗೆ ಮೂರು, ಐದು, ಏಳು

ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ಹಾಡು ಕಟ್ಟುವ ಯಾವುದಾದರೂ ಒಂದು ಸಾಫ್ಟ್‌ವೇರ್ ತೆರೆದು ನೋಡ್ರಿ. ಪರದೆಯ ಮೇಲೆ ನೆಟ್ಟಗಿನ ಗೆರೆಗಳು, ಗೆರೆಗಳ ನಡುವೆ ಖಾಲಿ ಮನೆಗಳು. ಎಣಿಸಿದರೆ ನಾಲ್ಕು. ಒಂದೊಂದರೊಳಗೆ ಮತ್ತೆ ನಾಲ್ಕು. ಎಲ್ಲಾ ಸೇರಿ ಹದಿನಾರು. ಮೇಲಿನ ಪಟ್ಟಿಯಲ್ಲಿ 4/4 ಅಂತ ಬರೆದಿರ್ತದ. ನಾವು ಇನ್ನೂ ಒಂದು ಸ್ವರ ಹಾಕಿರುವುದಿಲ್ಲ, ಒಂದು ಪದ ಹಾಡಿರುವುದಿಲ್ಲ. ಆದರೂ ನಮ್ಮ ಹಾಡು ನಾಲ್ಕು ಹೆಜ್ಜೆಯಲ್ಲೇ ನಡೆಯಬೇಕು ಅಂತ ಯಂತ್ರ ಮೊದಲೇ ತೀರ್ಮಾನ ಮಾಡಿ ಕೂತಿರ್ತದ. ಈ ನಾಲ್ಕು ಎಲ್ಲಿಂದ ಬಂತು, ನಮ್ಮ ಕಡೆಯ ಹಾಡು ಪದ್ಯಗಳು ಎಷ್ಟು ಹೆಜ್ಜೆಯಲ್ಲಿ ನಡೆದುಕೊಂಡು ಬಂದಿವೆ, ಈ ಎರಡಕ್ಕೂ ಹೊಂದಿಕೆ ಮಾಡುವುದು ಹ್ಯಾಂಗ, ಇಷ್ಟನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಆ ಬರಹದ ಅರ್ಥ ತಿಳಿದುಕೊಳ್ಳೋಣ. ಮೇಲಿನ ಅಂಕಿ ಒಂದು ಆವರ್ತಕ್ಕೆ ಎಷ್ಟು ಏಟು ಅನ್ನುವುದನ್ನು ಹೇಳುತ್ತದೆ. ಕೆಳಗಿನ ಅಂಕಿ ಆ ಏಟು ಎಷ್ಟು ಉದ್ದದ್ದು ಅಂತ ಹೇಳುತ್ತದೆ. ಪಾಶ್ಚಾತ್ಯ ಸಂಗೀತದ ಬರವಣಿಗೆಯಲ್ಲಿ ಒಂದು ಪೂರ್ಣ ಸ್ವರವನ್ನು ಅರ್ಧ, ಅರ್ಧದ ಅರ್ಧ ಹೀಗೆ ಮುರಿಯುತ್ತಾ ಹೋಗುತ್ತಾರೆ. ಆದ್ದರಿಂದ ಕೆಳಗಿನ ಅಂಕಿ 2, 4, 8, 16 ಇವೇ ಆಗಿರುತ್ತವೆ. ಮೇಲಿನ ಅಂಕಿಗೆ ಅಂಥ ಕಟ್ಟಿಲ್ಲ. ಮೂರು, ಐದು, ಏಳು, ಹನ್ನೊಂದು ಏನು ಬೇಕಾದರೂ ಇರಬಹುದು. ಇದಕ್ಕೆ ಟೈಮ್ ಸಿಗ್ನೇಚರ್ ಅಂತಾರೆ. ನಮ್ಮ ಮಾತಿನಲ್ಲಿ ತಾಳದ ಗುರುತು ಅನ್ನಬಹುದು.

ಯಂತ್ರದೊಳಗೆ ನಾಲ್ಕು ಗಟ್ಟಿಯಾಗಿ ಕೂತದ್ದು ಇತ್ತೀಚಿನ ಕಥೆ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಎಂಬ ತಾಳಯಂತ್ರ ಹೊರತಂದಿತು. ಅದರ ಮುಂಭಾಗದಲ್ಲಿ ಹದಿನಾರು ಗುಂಡಿಗಳ ಸಾಲು, ಎದ್ದು ಕಾಣುವುದು ನಾಲ್ಕು ನಾಲ್ಕರ ಗುಂಪು. ಆಗಿನ ಅಮೆರಿಕ, ಯುರೋಪಿನ ಕುಣಿತದ ಹಾಡುಗಳು ಹೆಚ್ಚಾಗಿ ನಾಲ್ಕರಲ್ಲಿ ಇದ್ದವು, ಆ ಪೇಟೆಗೆ ಅದು ಸರಿಹೋಯಿತು. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡುವ ಹಾಗೆ ಮಿಡಿ ಎಂಬ ಒಪ್ಪಂದ ಬಂತು. 1988ರಲ್ಲಿ ಆ ಮಿಡಿಯ ಹಾಡುಗಳನ್ನು ಕಡತವಾಗಿ ಇಟ್ಟುಕೊಳ್ಳುವ ನಿಯಮ ಬಂತು. ಆ ನಿಯಮದಲ್ಲಿ ಒಂದು ಮಾತು ಅದ: ಕಡತದಲ್ಲಿ ತಾಳವನ್ನೂ ವೇಗವನ್ನೂ ಹೇಳದೆ ಇದ್ದರೆ 4/4 ಅಂತಲೂ, ನಿಮಿಷಕ್ಕೆ 120 ಏಟು ಅಂತಲೂ ತಿಳಿಯತಕ್ಕದ್ದು. ಏನೂ ಹೇಳದೆ ಸುಮ್ಮನಿದ್ದವನು ನಾಲ್ಕಕ್ಕೆ ಒಪ್ಪಿದ ಹಾಗೆ ಲೆಕ್ಕ. ಇದು ಸಂಗೀತದ ನಿಯಮವಲ್ಲ, ಕಂಪನಿಗಳವರು ಕೂತು ಅನುಕೂಲಕ್ಕೆ ಮಾಡಿಕೊಂಡ ಕರಾರು.

ಕರಾರು ಎಷ್ಟು ಬಿಗಿಯಾಯಿತು ಅನ್ನುವುದಕ್ಕೆ ಒಂದು ಉದಾಹರಣೆ. ಬೆಲ್ಜಿಯಂ ದೇಶದ ಇಮೇಜ್-ಲೈನ್ ಕಂಪನಿ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಸಾಫ್ಟ್‌ವೇರ್ ಹೊರತಂದಿತು. ಈಗ ಅದರ ಹೆಸರು ಎಫ್‌ಎಲ್ ಸ್ಟುಡಿಯೊ. ಹದಿನಾರು ಮನೆಯ ಸಾಲಿನಲ್ಲಿ ಚುಕ್ಕಿ ಹಾಕಿದರೆ ತಾಳ ಬಾರಿಸುತ್ತಿತ್ತು. ಜಗತ್ತಿನಾದ್ಯಂತ ಹುಡುಗರು ಅದರಲ್ಲೇ ಕಲಿತರು. ಅದರಲ್ಲಿ ತಾಳದ ಗುರುತನ್ನು ನೇರವಾಗಿ ಬರೆದು ಹಾಡಿನ ನಡುವೆ ಬದಲಿಸುವ ಸೌಕರ್ಯ ಬಂದದ್ದು 2018ರಲ್ಲಿ, ಇಪ್ಪತ್ತು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲು ಮೂರರಲ್ಲಿ ಕಟ್ಟಬೇಕೆಂದವರು ಮನೆಗಳ ಅಳತೆ ತಿದ್ದಿ ಹ್ಯಾಂಗೋ ಹೊಂದಿಸಿಕೊಳ್ಳಬೇಕಿತ್ತು. ಗೊತ್ತಿದ್ದವನು ಹೊಂದಿಸಿಕೊಂಡ, ಗೊತ್ತಿಲ್ಲದವನು ನಾಲ್ಕರಲ್ಲೇ ಉಳಿದ.

ಇನ್ನು ನಾಲ್ಕಲ್ಲದ ನಡೆಗೆ ಬರೋಣ. ಯುರೋಪಿನಲ್ಲೇ ಮೂರರ ನಡೆ ಬಲು ದೊಡ್ಡದು. ಅದರ ಹೆಸರು ವಾಲ್ಟ್ಸ್. ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರ ಕುಣಿತದಿಂದ ಹುಟ್ಟಿ, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ವಿಯೆನ್ನಾ ಪಟ್ಟಣದ ದೊಡ್ಡ ಮನೆಗಳಿಗೆ ಬಂತು. ಗಂಡಸು ಹೆಂಗಸು ಒಬ್ಬರನ್ನೊಬ್ಬರು ಹಿಡಿದುಕೊಂಡು ಗಿರ್ರನೆ ತಿರುಗುವ ಕುಣಿತ. ಅರಮನೆಯ ಕೂಟದಲ್ಲಿ ಇದನ್ನು ಕುಣಿದರು ಅಂತ 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಕಟುವಾಗಿ ಬರೆಯಿತು. ಬೈದರೂ ನಿಲ್ಲಲಿಲ್ಲ. 1867ರಲ್ಲಿ ಕಿರಿಯ ಯೋಹಾನ್ ಸ್ಟ್ರಾಸ್ ಡಾನ್ಯೂಬ್ ನದಿಯ ಹೆಸರಿನಲ್ಲಿ ಕಟ್ಟಿದ ವಾಲ್ಟ್ಸ್ ಇವತ್ತಿಗೂ ಕೇಳುತ್ತದೆ. ನಡೆ ಇಷ್ಟೇ: ಧೂಂ ಚಕ್ ಚಕ್, ಧೂಂ ಚಕ್ ಚಕ್. ಒಂದನೆಯದು ಭಾರ, ಎರಡು ಮೂರು ಹಗುರ. 1893ರಲ್ಲಿ ರಷ್ಯಾದ ಚೈಕೋವ್‌ಸ್ಕಿ ತನ್ನ ಆರನೆಯ ಸಿಂಫನಿಯ ಎರಡನೆಯ ಭಾಗವನ್ನು ಐದರಲ್ಲಿ ಕಟ್ಟಿದ. ಕೇಳುವುದಕ್ಕೆ ವಾಲ್ಟ್ಸ್‌ನಂತೆಯೇ ಇದೆ, ಆದರೆ ಕುಣಿಯಲು ಹೋದರೆ ಕಾಲು ತಡವರಿಸುತ್ತದೆ. ಅದಕ್ಕೇ ಕುಂಟು ವಾಲ್ಟ್ಸ್ ಅಂತ ಅಡ್ಡಹೆಸರು ಬಿತ್ತು. 1959ರಲ್ಲಿ ಅಮೆರಿಕದ ಡೇವ್ ಬ್ರೂಬೆಕ್ ತಂಡ ಐದು, ಒಂಬತ್ತು ಇಂಥ ತಾಳಗಳಲ್ಲೇ ಒಂದು ಧ್ವನಿಮುದ್ರಿಕೆ ತಂದಾಗ ಅಲ್ಲಿಯವರಿಗೆ ಅದು ದೊಡ್ಡ ಹೊಸತು.

ಮೂರರ ಈ ಪಾಶ್ಚಾತ್ಯ ನಡೆ ನಮ್ಮ ದಕ್ಷಿಣಕ್ಕೂ ಬಹಳ ಹಿಂದೆಯೇ ಬಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡುಗಳು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಅವಕ್ಕೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಅವೇ ನೋಟ್ಟುಸ್ವರಗಳು. ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ. ಬ್ರಿಟಿಷ್ ರಾಜನ ರಾಷ್ಟ್ರಗೀತೆಯ ಮೂರೇಟಿನ ಧಾಟಿಗೂ ಅವರು ದೇವಿಯ ಸ್ತುತಿ ಕಟ್ಟಿದ್ದಾರೆ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ಅದೇ ಕೈಯಿಂದ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಅಂದಮೇಲೆ ವಾಲ್ಟ್ಸ್ ಕೇಳಿದ ಕಿವಿ, ತಾಳ ಹಾಕಿದ ಕೈ ಕನ್ನಡಿಗರಲ್ಲಿ ಒಂದೇ ಮೈಯಲ್ಲಿ ಇದ್ದದ್ದು ಹೊಸದೇನೂ ಅಲ್ಲ.

ಇದು ಮೈಸೂರಿನ ಮಾತು, ಮದರಾಸಿನ ಮಾತು. ನಮ್ಮ ಮೊಗುಡಂಪಲ್ಲಿ ಕಡೆಯ ಮಾತೇನು? ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಪಡುವಣಕ್ಕೆ ಹೋದರೆ ಹುಮನಾಬಾದ್, ಅದನ್ನು ದಾಟಿದರೆ ಬಸವಕಲ್ಯಾಣ. ಈಗ ನಡುವೆ ರಾಜ್ಯದ ಗಡಿ ಇದೆ. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಿಂದ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದ ಬೇರೆಯಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಎಂಟು ನೂರು ವರ್ಷ ಮೊದಲು ಆ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಕೂತು ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆ, ಆನೆ, ಮೀನು, ಚಿತ್ರ ಎಲ್ಲದರ ಜೊತೆಗೆ ಹಾಡು, ವಾದ್ಯ, ಕುಣಿತಕ್ಕೂ ಅದರಲ್ಲಿ ಜಾಗ ಇದೆ. ಅವನ ಮಗ ಎರಡನೆಯ ಜಗದೇಕಮಲ್ಲ 1138ರಿಂದ ಆಳಿದವನು. ಅವನು ಸಂಗೀತಕ್ಕೇ ಮೀಸಲಾಗಿ ಸಂಗೀತ ಚೂಡಾಮಣಿ ಎಂಬ ಗ್ರಂಥ ಬರೆದ.

ಇಲ್ಲಿಂದ ದಾರಿ ದೇವಗಿರಿಗೆ ಹೋಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಯಾದವ ರಾಜ ಸಿಂಘಣನ ಆಸ್ಥಾನದಲ್ಲಿ ಶಾರ್ಙ್ಗದೇವ ಎಂಬವನಿದ್ದ. ಅವನ ಹುದ್ದೆ ಶ್ರೀಕರಣಾಧಿಪ, ಅಂದರೆ ಲೆಕ್ಕಪತ್ರದ ಮುಖ್ಯಸ್ಥ. ಹಗಲು ರಾಜ್ಯದ ಲೆಕ್ಕ ನೋಡುವ ಆ ಮನುಷ್ಯನೇ ಸಂಗೀತ ರತ್ನಾಕರ ಬರೆದ. ತನಗಿಂತ ಹಿಂದಿನ ಆಚಾರ್ಯರ ಹೆಸರು ಹೇಳುವ ಕಡೆ ಕಲ್ಯಾಣದ ಈ ಇಬ್ಬರು ರಾಜರನ್ನೂ ನೆನೆಯುತ್ತಾನೆ. ಅದರ ತಾಳಾಧ್ಯಾಯದಲ್ಲಿ 120 ದೇಶೀ ತಾಳಗಳ ಪಟ್ಟಿ ಇದೆ. ದೇಶೀ ಅಂದರೆ ಆಯಾ ನಾಡಿನ ಜನರಲ್ಲಿ ಬಳಕೆಯಲ್ಲಿದ್ದದ್ದು. ಸರಿಯಾಗಿ ನಾಲ್ಕರ ಮನೆಗೆ ಬೀಳದ ತಾಳಗಳು ಅದರಲ್ಲಿ ಎಷ್ಟೋ.

ಆ ಪಟ್ಟಿ ಪ್ಯಾರಿಸ್ಸಿಗೆ ಹೋದದ್ದೂ ನಿಜ. ಫ್ರಾನ್ಸಿನಲ್ಲಿ 1913ರಲ್ಲಿ ಅಚ್ಚಾದ ಒಂದು ದೊಡ್ಡ ಸಂಗೀತ ವಿಶ್ವಕೋಶದಲ್ಲಿ ಜೊವಾನಿ ಗ್ರೊಸ್ಸೆ ಎಂಬ ವಿದ್ವಾಂಸ ಭಾರತದ ಸಂಗೀತದ ಬಗ್ಗೆ ಬರೆದ. ಅದರಲ್ಲಿ ಶಾರ್ಙ್ಗದೇವನ 120 ತಾಳಗಳೂ ಬಂದವು. ಅದನ್ನು ಒಲಿವಿಯೆ ಮೆಸಿಯಾನ್ ಎಂಬ ತರುಣ ಓದಿದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಅವನನ್ನು ಸೆರೆ ಹಿಡಿದು ಗ್ಯೋರ್ಲಿಟ್ಸ್ ಊರಿನ ಕೈದಿಗಳ ಶಿಬಿರದಲ್ಲಿ ಇಟ್ಟರು. ಅಲ್ಲಿ ಅವನು ನಾಲ್ಕು ವಾದ್ಯಗಳಿಗೆ ಒಂದು ಕೃತಿ ಕಟ್ಟಿದ. 1941ರ ಜನವರಿ 15ರಂದು ಆ ಚಳಿಯಲ್ಲಿ ಕೈದಿಗಳ ಎದುರಿಗೇ ಅದನ್ನು ನುಡಿಸಿದರು. ಮೊದಲ ಭಾಗದಲ್ಲಿ ಪಿಯಾನೊ ಹಿಡಿದು ನಡೆಯುವ ಲಯ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀ ತಾಳಗಳನ್ನು ಸಾಲಾಗಿ ಜೋಡಿಸಿದ್ದು. ದೇವಗಿರಿಯ ಲೆಕ್ಕದವನು ಬರೆದಿಟ್ಟ ಎಣಿಕೆ ಏಳು ನೂರು ವರ್ಷದ ಮೇಲೆ ಒಬ್ಬ ಕೈದಿಗೆ ಒದಗಿತು. ಬರೆದಿಟ್ಟದ್ದಕ್ಕೆ ಒದಗಿತು. ಇದನ್ನು ನೆನಪಿಡೋಣ, ಮುಂದೆ ಬೇಕಾಗುತ್ತದೆ.

ಅದೇ ಕಲ್ಯಾಣದಲ್ಲಿ ಇನ್ನೊಂದು ದನಿಯೂ ಇತ್ತು. ಜಗದೇಕಮಲ್ಲನ ಕಾಲ ಮುಗಿದು ಬಿಜ್ಜಳನ ಕಾಲ ಬಂದಾಗ ಬಸವಣ್ಣನವರು ಅಲ್ಲಿದ್ದರು. ತನಗೆ ತಾಳಮಾನದ ಲೆಕ್ಕ ತಿಳಿಯದು, ತನ್ನ ಮನಸ್ಸಿಗೆ ಒಲಿದಂತೆ ಹಾಡುತ್ತೇನೆ ಎಂಬ ಅರ್ಥದ ಅವರ ವಚನ ಎಲ್ಲರೂ ಬಲ್ಲದ್ದು. ಒಂದೇ ಊರು, ಒಂದೇ ಶತಮಾನ. ಅರಮನೆಯಲ್ಲಿ ತಾಳವನ್ನು ಎಣಿಸಿ ಬರೆದರು, ಮಹಾಮನೆಯಲ್ಲಿ ಎಣಿಕೆ ಬಿಟ್ಟು ಹಾಡಿದರು. ಎಣಿಸುವುದೂ ಬೇಕು, ಎಣಿಕೆಯ ಮನೆ ಹಾಡಿಗಿಂತ ದೊಡ್ಡದಲ್ಲ ಅನ್ನುವುದೂ ಬೇಕು. ಸಾಫ್ಟ್‌ವೇರಿನ ಮುಂದೆ ಕೂತವನಿಗೆ ಈ ಎರಡೂ ಬುದ್ಧಿ ಬೇಕಾಗ್ತಾವ.

ತಾಳಶಾಸ್ತ್ರ ಪಂಡಿತರದ್ದು, ನಮಗೇನು ಗೊತ್ತು ಅಂತ ಯಾರೂ ಹಿಂಜರಿಯುವ ಕಾರಣವಿಲ್ಲ. ಕನ್ನಡ ಶಾಲೆಯಲ್ಲಿ ಛಂದಸ್ಸಿನ ಒಂದು ಪಾಠ ಓದಿದ್ದರೆ ಸಾಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈಗ ನೋಡ್ರಿ. ಮಳೆಯು ಬಂತು, ಕೆರೆಗೆ ನೀರು. ಮೂರು, ಮೂರು, ಮೂರು, ಮೂರು. ಇದು ಉತ್ಸಾಹ ರಗಳೆಯ ನಡೆ, ಭೋಗ ಷಟ್ಪದಿಯ ನಡೆ. ವಾಲ್ಟ್ಸ್ ಕೂಡ ಹೀಂಗೇ ಮೂರು ಮೂರಾಗಿ ನಡೆಯುತ್ತದೆ. ಗಾಡಿಯ ಹೂಡಿದ ಎತ್ತಿನ ಗಂಟೆಯ. ನಾಲ್ಕು ನಾಲ್ಕು, ಮಂದಾನಿಲ ರಗಳೆ, ಶರ ಷಟ್ಪದಿ. ಮಳೆಗಾಲ ಮುಗಿದಾಗ ಜೋಳಕ್ಕೆ ಹೂಬಿಸಿಲು. ಐದು ಐದು, ಲಲಿತ ರಗಳೆ, ವಾರ್ಧಕ ಷಟ್ಪದಿ. ರಾಘವಾಂಕನ ಹರಿಶ್ಚಂದ್ರ ಕಾವ್ಯ, ಲಕ್ಷ್ಮೀಶನ ಜೈಮಿನಿ ಭಾರತ ಪೂರಾ ಐದರಲ್ಲಿ ನಡೆಯುತ್ತವೆ. ಅಮೆರಿಕದಲ್ಲಿ 1959ರಲ್ಲಿ ಸುದ್ದಿಯಾದ ಐದು ನಮ್ಮಲ್ಲಿ ಪುರಾಣ ಓದುವವರ ಬಾಯಲ್ಲಿತ್ತು.

ಇನ್ನು ಏಳು. ನಮ್ಮ ಊರಿನ ಕೆರೆಯ ದಂಡೆಯ. ಮೂರು ನಾಲ್ಕು, ಮೂರು ನಾಲ್ಕು. ಇದು ಭಾಮಿನಿ ಷಟ್ಪದಿಯ ಒಂದು ಸಾಲಿನ ಅಳತೆ, 14 ಮಾತ್ರೆ. ಕುಮಾರವ್ಯಾಸನ ಭಾರತ, ಚಾಮರಸನ ಪ್ರಭುಲಿಂಗಲೀಲೆ ಈ ನಡೆಯಲ್ಲಿ ಇವೆ. ತಬಲದವರ ದೀಪಚಂದಿ ತಾಳವೂ 14 ಮಾತ್ರೆ, ಅದರ ವಿಭಾಗವೂ ಮೂರು ನಾಲ್ಕು ಮೂರು ನಾಲ್ಕು. ಕರ್ನಾಟಕ ಸಂಗೀತದವರು ಮಿಶ್ರ ಚಾಪು ಅನ್ನುವುದೂ ಮೂರು ಮತ್ತು ನಾಲ್ಕು. ಪಕ್ಕದ ತೆಲುಗಿಗೆ ಹೋದರೆ ನಮ್ಮ ರಗಳೆಗೆ ಅಲ್ಲಿ ರಗಡ ಅಂತಾರೆ. ಅದರಲ್ಲಿ ವೃಷಭಗತಿ ರಗಡ ಮೂರು ನಾಲ್ಕರ ನಡೆ. ವೃಷಭಗತಿ ಅಂದರೆ ಎತ್ತಿನ ನಡೆ. ಹೆಸರಿಟ್ಟವನು ಒಕ್ಕಲುತನ ಕಂಡವನೇ ಇರಬೇಕು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಗುರಜಾಡ ಅಪ್ಪಾರಾವ್ ಹೊಸದಾಗಿ ಮಾಡಿದ ಮುತ್ಯಾಲ ಸರದಲ್ಲೂ ಅದೇ ಏಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಅನ್ನುವ ನಮ್ಮ ಮಕ್ಕಳಿಗೆ ಎರಡು ಕಡೆಯಿಂದಲೂ ಏಳು ಬಂದಿದೆ. ಸಿಗದೆ ಇರುವುದು ಸಾಫ್ಟ್‌ವೇರಿನ ಮೊದಲ ಪರದೆಯಲ್ಲಿ ಮಾತ್ರ.

ಈಗ ಕೈಕೆಲಸ. ಇದಕ್ಕೆ ದುಡ್ಡು ಬೇಕಾಗಿಲ್ಲ. ಸ್ವರ ಬರೆಯಲು ಮ್ಯೂಸ್‌ಸ್ಕೋರ್, ತಾಳ ಕಟ್ಟಲು ಎಲ್‌ಎಂಎಂಎಸ್, ಧ್ವನಿ ಮುದ್ರಿಸಲು ಅಡಾಸಿಟಿ, ಮೂರೂ ಪುಕ್ಕಟೆ ಸಿಗುತ್ತವೆ. ಮೊದಲು ವಾಲ್ಟ್ಸ್ ಮಾಡಿ ಕಲಿಯುವುದು ಒಳ್ಳೆಯದು, ಯಾಕಂದ್ರ ಮೂರು ಅಂದರೆ ಹೊಸಬರಿಗೂ ಬೇಗ ಹಿಡಿತಕ್ಕೆ ಸಿಗ್ತದ. ತಾಳದ ಗುರುತನ್ನು 3/4 ಮಾಡಿ. ಮೊದಲ ಏಟಿಗೆ ಕೆಳಗಿನ ಒಂದು ಸ್ವರ, ಎರಡು ಮೂರಕ್ಕೆ ಮೇಲಿನ ಮೂರು ಸ್ವರಗಳ ಗೊಂಚಲು. ನಾಲ್ಕು ಆವರ್ತಕ್ಕೊಮ್ಮೆ ಕೆಳಗಿನ ಸ್ವರ ಬದಲಿಸಿ, ಮೇಲೆ ಒಂದು ಧಾಟಿ ಹಾಕಿ. ಕೇಳಿದರೆ ವಾಲ್ಟ್ಸ್ ಹೌದು, ಆದರೆ ಗಡಿಯಾರ ಕುಣಿದ ಹಾಗಿರ್ತದ. ವಿಯೆನ್ನಾದ ವಾದ್ಯಗಾರರು ಎರಡನೆಯ ಏಟನ್ನು ಕೂದಲೆಳೆಯಷ್ಟು ಮುಂಚೆ ಬಾರಿಸುತ್ತಾರೆ. ಆ ಸ್ವಲ್ಪದರಲ್ಲೇ ಕುಣಿತ ಇರುವುದು. ಬಹಳ ಸಾಫ್ಟ್‌ವೇರ್‌ಗಳಲ್ಲಿ ಒಂದು ಏಟನ್ನು 480 ತುಣುಕು ಮಾಡಿರುತ್ತಾರೆ. ಎರಡನೆಯ ಗೊಂಚಲನ್ನು ಇಪ್ಪತ್ತೋ ಮೂವತ್ತೋ ತುಣುಕು ಎಡಕ್ಕೆ ಎಳೆದು ಮತ್ತೆ ಕೇಳಿ. ಎಲ್ಲವನ್ನೂ ಗೆರೆಗೆ ಕೂರಿಸುವ ಕ್ವಾಂಟೈಜ್ ಎಂಬ ಗುಂಡಿ ಒತ್ತಿದರೆ ಈ ಎಳೆತ ಪೂರಾ ಅಳಿಸಿಹೋಗ್ತದ.

ದಾದ್ರಾ ಕಟ್ಟುವಾಗ 3/4 ಬಿಟ್ಟು 6/8 ಆರಿಸಿಕೊಳ್ಳಿ. ಎರಡರಲ್ಲೂ ಆರು ಸಣ್ಣ ಏಟುಗಳೇ. ಆದರೆ 3/4ರಲ್ಲಿ ಅವು ಎರಡೆರಡರ ಮೂರು ಗುಂಪು, 6/8ರಲ್ಲಿ ಮೂರು ಮೂರರ ಎರಡು ಗುಂಪು. ದಾದ್ರಾದ ಎರಡನೆಯ ಗುಂಪು ಖಾಲಿಯಿಂದ ಶುರುವಾಗುತ್ತದೆ, ಅಲ್ಲಿ ಬಾಯಾದ ಗುಂಭಾರ ಬೇಡ. ವಾಲ್ಟ್ಸ್‌ಗೂ ದಾದ್ರಾಕ್ಕೂ ಇರುವ ಅಂತರ ಇದೇ.

ಏಳಕ್ಕೆ 7/8 ಹಾಕಿ. ಅಷ್ಟಕ್ಕೆ ಮುಗಿಯಲಿಲ್ಲ. ಕಡತದೊಳಗೆ ಯಂತ್ರ ತಾಳದ ಗುರುತಿಗೆ ಬರೆದುಕೊಳ್ಳುವ ಮುಖ್ಯ ಅಂಕಿಗಳು ಎರಡು: ಮೇಲಿನ 7, ಮತ್ತು ಕೆಳಗಿನದಕ್ಕೆ 3, ಅಂದರೆ ಎರಡನ್ನು ಮೂರು ಸಲ ಗುಣಿಸಿದ 8. ಏಳನ್ನು ಹೇಗೆ ಮುರಿಯಬೇಕು ಅನ್ನುವುದು ಆ ಅಂಕಿಗಳಲ್ಲಿ ಇಲ್ಲ. ಮೂರು ನಾಲ್ಕೋ, ನಾಲ್ಕು ಮೂರೋ, ಮೂರು ಎರಡು ಎರಡೋ ಅದಕ್ಕೆ ತಿಳಿಯದು. ಆದ್ದರಿಂದ ಯಂತ್ರದ ಟಿಕ್ ಟಿಕ್ ನಂಬದೆ ತಾಳವನ್ನು ನಾವೇ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ಒಂದನೆಯ ಮಾತ್ರೆಗೆ ದಪ್ಪ ದನಿ, ನಾಲ್ಕನೆಯದಕ್ಕೆ ನಡುವಿನ ದನಿ, ಉಳಿದವಕ್ಕೆ ಕಿರುದನಿ. ಇದು ಭಾಮಿನಿಯ ನಡೆ. ಮ್ಯೂಸ್‌ಸ್ಕೋರಿನಲ್ಲಿ ತಾಳದ ಗುರುತನ್ನೇ 3+4 ಅಂತ ಬಿಡಿಸಿ ಬರೆಯಲಿಕ್ಕೂ ಬರ್ತದ.

ಹಿಂದೂಸ್ತಾನಿ ರೂಪಕ ತಾಳ ಕಟ್ಟುವವರು ಇನ್ನೊಂದು ಮಾತು ಗಮನಿಸಬೇಕು. ಅದೂ ಏಳೇ, ಮೂರು ಎರಡು ಎರಡು. ಆದರೆ ಅದರ ಸಮ್ ಬೀಳುವುದೇ ಖಾಲಿಯ ಮೇಲೆ. ಮೊದಲನೆಯದು ಹಗುರ, ಭಾರ ಆಮೇಲೆ ಬರುತ್ತದೆ. ಯಂತ್ರಕ್ಕೆ ಮಾತ್ರ ಮೊದಲನೆಯದೇ ಯಾವಾಗಲೂ ಜೋರು ಅನ್ನುವ ನಂಬಿಕೆ. ಟಿಕ್ ಟಿಕ್ ಕೇಳಿ ಹಾಡುವವನು ತಪ್ಪು ಜಾಗದಲ್ಲಿ ಒತ್ತು ಕೊಡುತ್ತಾನೆ. ಬೆಂಗಳೂರಿನ ರಾಡೆಲ್ ಕಂಪನಿಯ ತಾಳಮಾಲಾ ಎಂಬ ವಿದ್ಯುತ್ ತಬಲ ಕಂಡವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅದರಲ್ಲಿ ಆರಿಸಬೇಕಾದದ್ದು ತಾಳದ ಹೆಸರನ್ನು. ಹೆಸರು ಆರಿಸಿದರೆ ಎಣಿಕೆ, ಗುಂಪು, ಖಾಲಿ ಎಲ್ಲಾ ಒಟ್ಟಿಗೆ ಬರುತ್ತವೆ. ಸಾಫ್ಟ್‌ವೇರ್ ಕೇಳುವುದು ಎರಡು ಅಂಕಿಯನ್ನು ಮಾತ್ರ, ಉಳಿದದ್ದು ನಮ್ಮ ಜವಾಬ್ದಾರಿ.

ಭಾಮಿನಿಯನ್ನು ಹೀಗೆ ಯಂತ್ರಕ್ಕೆ ಹಾಕಿದರೆ ಒಂದು ಚೆಂದ ಕಾಣಿಸುತ್ತದೆ. ಮೊದಲ ಸಾಲು ಏಳರ ಎರಡು ಮನೆ, ಎರಡನೆಯ ಸಾಲು ಎರಡು ಮನೆ. ಮೂರನೆಯ ಸಾಲಿಗೆ ಮೂರು ಮನೆ ತುಂಬಿ ಮೇಲೊಂದು ಗುರು, ಒಟ್ಟು 23 ಮಾತ್ರೆ. ಆ ಗುರುವನ್ನು ಎಳೆದು ಐದು ಮಾತ್ರೆ ಉಸಿರು ಬಿಟ್ಟರೆ ನಾಲ್ಕನೆಯ ಮನೆ ತುಂಬಿ 28 ಆಗುತ್ತದೆ. ಅರ್ಧ ಪದ್ಯಕ್ಕೆ ಎಂಟು ಮನೆ, ಪೂರ್ಣ ಪದ್ಯಕ್ಕೆ ಹದಿನಾರು. ಯಂತ್ರಕ್ಕೆ ಪ್ರೀತಿಯ ಹದಿನಾರೇ ಬಂತು, ಆದರೆ ಒಂದೊಂದು ಮನೆಯೊಳಗೆ ಏಳು ಜನ.

ಇಷ್ಟೆಲ್ಲಾ ತಲೆಬಿಸಿ ಯಾತಕ್ಕ, ಎಂಟಕ್ಕೆ ಹೊಂದಿಸಿದರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. ಈಗ ನಡೆಯುತ್ತಿರುವುದೂ ಅದೇ. ಮದುವೆಗೆ, ಜಾತ್ರೆಗೆ, ಭಜನಿಗೆ ಫೋನಿನಲ್ಲೋ ಕೀಬೋರ್ಡಿನಲ್ಲೋ ತಯಾರಾಗಿರುವ ಎಂಟು ಮಾತ್ರೆಯ ತಾಳ ಹಚ್ಚುತ್ತಾರೆ. ಹಾಡುವ ಹಿರಿಯರು ಯಂತ್ರವನ್ನು ನಿಲ್ಲಿಸುವ ಹಾಗಿಲ್ಲ, ತಾವೇ ಹೊಂದಿಕೊಳ್ಳುತ್ತಾರೆ. ಏಳರ ಪದಕ್ಕೆ ಎಂಟನೆಯ ಮಾತ್ರೆ ತುಂಬಲು ಎಲ್ಲೋ ಒಂದು ಹ್ರಸ್ವವನ್ನು ಎಳೆಯಬೇಕಾಗುತ್ತದೆ. ಕನ್ನಡದಲ್ಲಿ ಹ್ರಸ್ವ ಎಳೆದರೆ ಅರ್ಥವೇ ಬೇರೆಯಾಗುತ್ತದೆ. ಕೊಡು ಎಂಬುದು ಕೋಡು ಆಗ್ತದ, ಬೆಳೆ ಬೇಳೆ ಆಗ್ತದ. ತತ್ವಪದದಲ್ಲಿ ಒಂದು ಶಬ್ದ ಹೋದರೆ ಇಡೀ ಪದದ ಬೆನ್ನು ಮುರಿದ ಹಾಗೆ. ಮೊದಲ ಸಲ ಕೇಳಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಹತ್ತನೆಯ ಸಲಕ್ಕೆ ಅದೇ ಸರಿ ಅನಿಸುತ್ತದೆ. ಆ ಹಾಡನ್ನು ಯಂತ್ರದ ಜೊತೆಯಲ್ಲೇ ಕಲಿತ ಮಗುವಿಗೆ ಅದು ಏಳರ ಹಾಡು ಅಂತ ಎಂದೂ ತಿಳಿಯುವುದೇ ಇಲ್ಲ.

ಯಂತ್ರವನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಹಿಂದೆ ಹಾರ್ಮೋನಿಯಂ ಬಂದಾಗಲೂ ಬೈದರು. ಈಗ ಅದಿಲ್ಲದೆ ಭಜನಿ ಇಲ್ಲ. ಯಂತ್ರ ಏಳನ್ನೂ ಐದನ್ನೂ ಬೇಸರವಿಲ್ಲದೆ ಬಾರಿಸುತ್ತದೆ, ನಾವು ಹೇಳಬೇಕು ಅಷ್ಟೇ. ಹೇಳಬೇಕೆಂದರೆ ಹಾಡಿನ ಎಣಿಕೆ ನಮಗೆ ಗೊತ್ತಿರಬೇಕು. ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ ಕಲಿತ ಹಾಡುಗಳನ್ನು ಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ದನಿ ಮುದ್ರಿಸುವಾಗ ಟಿಕ್ ಟಿಕ್ ಬಂದ್ ಮಾಡಿ, ಒಲಿದಂತೆ ಹಾಡಲು ಬಿಡಿ. ಆಮೇಲೆ ಕೂತು ಕೇಳಿ, ಬೆರಳು ಮಡಚಿ ಎಣಿಸಿ. ಕೆಲವು ಪದಗಳು ಯಾವ ಎಣಿಕೆಗೂ ಸಿಗದೆ ಉಸಿರಿನ ಮೇಲೆ ನಡೆಯುತ್ತವೆ. ಅವನ್ನು ಹಾಗೇ ಇರಗೊಡಿ, ಮನೆಗೆ ತುರುಕಬೇಡಿ.

ಎಣಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಹತ್ತು ನಿಮಿಷದ ಕೆಲಸ. ಹಾಡಿನ ಮೊದಲ ಮಾತು, ಯಾವ ಊರಿನಲ್ಲಿ ಕೇಳಿದ್ದು, ಎಷ್ಟು ಮಾತ್ರೆ, ಹೇಗೆ ಮುರಿಯುತ್ತದೆ, ಭಾರ ಎಲ್ಲಿ, ಖಾಲಿ ಎಲ್ಲಿ. ದೇವಗಿರಿಯ ಲೆಕ್ಕದವನು ಮಾಡಿದ್ದೂ ಹೆಚ್ಚುಕಡಿಮೆ ಇಷ್ಟೇ, 120 ಸಾಲು. ನಮ್ಮ ಮೊಗುಡಂಪಲ್ಲಿ ಸುತ್ತಿನ ಹತ್ತು ಹಳ್ಳಿಯಿಂದ ನಲವತ್ತು ಸಾಲು ಬಂದರೂ ಸಾಕು. ಮುಂದೆ ಯಾವನೋ ಹುಡುಗ ಸಾಫ್ಟ್‌ವೇರ್ ತೆರೆದು ಆ 4/4 ಅನ್ನು ಅಳಿಸಿದಾಗ ಅಲ್ಲಿ ಏನು ಬರೆಯಬೇಕು ಅನ್ನುವುದು ಅವನಿಗೆ ಆ ನೋಟ್‌ಬುಕ್ಕಿನಲ್ಲಿ ಸಿಗುತ್ತದೆ.